ಎರಡು ಮೊಳದ ಹಳಿ

ಚಿಂತಾಮಣಿಯಿಂದ ಬಂದಿದ್ದ ಅಮ್ಮ ಎರಡು ವಾರದಿಂದ ನಾನು ತೋರಿಸಿದ್ದಕ್ಕೆಲ್ಲ "ಚೆನ್ನಾಗಿದೆ" ಅಂದಿದ್ದರು, ಅಷ್ಟೇ. ಲಾಸ್ ಏಂಜಲೀಸ್‌ನಿಂದ ಉತ್ತರಕ್ಕೆ ಹೋಗುವಾಗ ಬಿಷಪ್ ಅನ್ನೋ ಸಣ್ಣ ಊರಿನಲ್ಲಿ ಊಟಕ್ಕೆ ನಿಂತೆವು. ಅಲ್ಲಿಂದ ನಾಲ್ಕೈದು ಮೈಲಿಯಲ್ಲಿ ಲಾಝ್ ರೈಲ್ವೆ ಮ್ಯೂಸಿಯಂ ಇದೆ. ಸುಮ್ನೆ ನೋಡಿಕೊಂಡು ಬರೋಣ ಅಂತ ಕಾರು ತಿರುಗಿಸಿದೆ.

1883ರ ಮರದ ಸ್ಟೇಷನ್ನು. ಪೂರ್ವಕ್ಕೆ ವೈಟ್ ಮೌಂಟನ್ಸ್, ಪಶ್ಚಿಮಕ್ಕೆ ಸಿಯೆರಾ ನೆವಾಡ, ನಡುವೆ ಬಿಸಿಲು. ನೆವಾಡದ ಮೌಂಡ್ ಹೌಸ್‌ನಿಂದ ಇಲ್ಲಿನ ಕೀಲರ್‌ವರೆಗೆ ಸುಮಾರು 300 ಮೈಲಿ ಓಡುತ್ತಿದ್ದ ನ್ಯಾರೋಗೇಜ್, ಅಂದರೆ ಕಿರಿದಾದ ಹಳಿಯ, ರೈಲಿನ ಸ್ಟೇಷನ್ ಇದು. ಆ ರೈಲಿಗೆ ಜನ ಇಟ್ಟ ಹೆಸರು 'ಸ್ಲಿಮ್ ಪ್ರಿನ್ಸೆಸ್', ತೆಳ್ಳನೆಯ ರಾಜಕುಮಾರಿ.

ನಾನು 1909ರ ಬಾಲ್ಡ್‌ವಿನ್ ಇಂಜಿನ್ನನ್ನು ನೋಡುತ್ತಿದ್ದೆ. ತಿರುಗಿದರೆ ಅಮ್ಮ ಹಳಿಯ ಪಕ್ಕ ಕೂತಿದ್ದಾರೆ. ಮೊಣಕೈ ಒಂದು ಕಂಬಿಗೆ ತಾಗಿಸಿ ಬೆರಳ ತುದಿಯವರೆಗೆ ಅಳೆದರು. ಮತ್ತೆ ಅಲ್ಲಿಂದ ಇನ್ನೊಂದು ಕಂಬಿಗೆ. "ಎರಡು ಮೊಳ. ನಮ್ಮ ರೈಲಿಂದು ಇದಕ್ಕಿಂತ ಕಮ್ಮಿ ಇತ್ತು."

ಅವರು ಹೇಳಿದ್ದು ಸರಿ. ಇಲ್ಲಿನ ಹಳಿ 3 ಅಡಿ. ಬಂಗಾರಪೇಟೆಯಿಂದ ಯಲಹಂಕಕ್ಕೆ ಹೋಗುತ್ತಿದ್ದ ನಮ್ಮ ಚಿಕ್ಕ ರೈಲಿನದು ಎರಡೂವರೆ ಅಡಿ. ಆ ರೈಲಿನಲ್ಲಿ ಅಮ್ಮ ತವರಿಗೆ ಹೋಗಿ ಬರುತ್ತಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಯಾವತ್ತೂ ಕೇಳಿರಲಿಲ್ಲ.

ಒಳಗೆ ಟಿಕೆಟ್ ಕಿಟಕಿ. ಅದರ ಮರದ ಅಂಚು ಕೈ ತಾಗಿ ತಾಗಿ ಸವೆದು ನುಣುಪಾಗಿದೆ. ಅಮ್ಮ ಅದರ ಮೇಲೆ ಬೆರಳಾಡಿಸಿದರು. ಸ್ವಯಂಸೇವಕರಾಗಿದ್ದ ಒಬ್ಬ ಅಜ್ಜ ಬಂದು ಕಥೆ ಹೇಳಿದರು. 1960ರಲ್ಲಿ ರೈಲು ನಿಂತಿತು. ರೈಲು ಕಂಪನಿ ಸ್ಟೇಷನ್ನು, ಇಂಜಿನ್ನು ಎರಡನ್ನೂ ಊರಿಗೆ, ಕೌಂಟಿಗೆ (ನಮ್ಮ ಜಿಲ್ಲೆ ಇದ್ದಂತೆ) ಬಿಟ್ಟುಕೊಟ್ಟಿತು. ಊರಿನವರೇ ದುರಸ್ತಿ ಮಾಡಿ 1966ರಲ್ಲಿ ಮ್ಯೂಸಿಯಂ ತೆರೆದರು. ಸುತ್ತಮುತ್ತಲಿನ ಹಳೇ ಕಟ್ಟಡಗಳನ್ನೂ ತಂದು ನಿಲ್ಲಿಸಿದರು.

ಈ ಕಣಿವೆಯಲ್ಲಿ ಹಿಂದೆ ಸೇಬಿನ ತೋಟಗಳಿದ್ದವು. 1913ರಲ್ಲಿ ಇಲ್ಲಿನ ಓವೆನ್ಸ್ ನದಿಯ ನೀರನ್ನು ಕಾಲುವೆಯಲ್ಲಿ ಲಾಸ್ ಏಂಜಲೀಸ್‌ಗೆ ತಿರುಗಿಸಿದರು. ನಮ್ಮ ಮನೆಯ ನಲ್ಲಿಯಲ್ಲಿ ಬರೋ ನೀರಿನಲ್ಲಿ ಈ ಕಣಿವೆಯ ಪಾಲೂ ಇದೆ. ಅಮ್ಮನಿಗೆ ಹೇಳಿದೆ. ಸಾವಿರ ಅಡಿ ಬೋರ್‌ವೆಲ್ ಕೊರೆಸಿದ ಸೀಮೆಯವರು, ಅರ್ಥವಾಗದೆ ಇರುತ್ತಾ? "ಪಾಪ, ಇವರ ತೋಟ ಏನಾಯ್ತು?" ಅಂದರು. ಬಹಳಷ್ಟು ಒಣಗಿ ಹೋದವು ಅಂದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಶೆಡ್ಡಿನಲ್ಲಿ 1927ರ ಬ್ರಿಲ್ ಕಾರ್ ಇದೆ. ಡೆತ್ ವ್ಯಾಲಿಯ ಹಳಿ ಮೇಲೆ ಪೆಟ್ರೋಲಿನಲ್ಲಿ ಓಡುತ್ತಿದ್ದ ಒಂಟಿ ಬೋಗಿ. "ಅಯ್ಯೋ, ಕೋಲಾರದ ರೈಲ್‌ಬಸ್ಸು ಕಣೋ!" ಅಂತ ಅಮ್ಮ ನಕ್ಕರು. ಕೋಲಾರ-ಬಂಗಾರಪೇಟೆ ರೈಲ್‌ಬಸ್ ಹತ್ತಿದವರಿಗೆ ಹಾಗನಿಸೋದು ಸಹಜ ಅಲ್ವಾ?

ಹೊರಡುವಾಗ ಅಜ್ಜ ಅಮ್ಮನನ್ನು ತೋರಿಸಿ, ನಿಮ್ಮ ರೈಲು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಅಂತ ಕೇಳಿದರು. ಅನುವಾದ ಮಾಡಿ ಹೇಳಿದೆ. ಅಮ್ಮ ಸೆರಗು ಸರಿಮಾಡಿಕೊಂಡರು. ಅಜ್ಜನ ಮುಖ ನೋಡುತ್ತಾ, ಕನ್ನಡದಲ್ಲೇ ಒಂದೊಂದಾಗಿ ಬೆರಳು ಮಡಿಸಿದರು: "ಬಂಗಾರಪೇಟೆ, ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ನಂದಿ, ದೇವನಹಳ್ಳಿ, ಯಲಹಂಕ."

ಅಜ್ಜ ಟೋಪಿ ತೆಗೆದು ಪೂರ್ತಿ ಕೇಳಿಸಿಕೊಂಡರು.