ಮೊದಲು ಕೇಳಿ, ಆಮೇಲೆ ಮುಟ್ಟಿ

ಮೊನ್ನೆ ನಮ್ಮ ಅಂಗವಿಕಲರ ಕೇಂದ್ರದವರನ್ನೆಲ್ಲ ಶಿರಸಿಯಿಂದ ಕಾರವಾರಕ್ಕೆ ಕಡಲು ನೋಡಲು ಕರೆದುಕೊಂಡು ಹೋಗಿದ್ದೆವು. ಗಾಲಿಕುರ್ಚಿಯ ಮುಂದಿನ ಸಣ್ಣ ಚಕ್ರ ಮರಳಲ್ಲಿ ಹೂತುಹೋಯಿತು. ಹೊಸ ಸ್ವಯಂಸೇವಕ ಹುಡುಗ ಒಂದು ಮಾತೂ ಕೇಳದೆ ಕುರ್ಚಿಯಲ್ಲಿದ್ದ ಅಕ್ಕನ ಕಂಕುಳಿಗೆ ಕೈ ಹಾಕಿ ಎತ್ತಿಬಿಟ್ಟ, ಇನ್ನೊಬ್ಬ ಅದರ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದ. ಅಕ್ಕ ಸೆರಗು ಸರಿಮಾಡಿಕೊಂಡು, "ನಂಗೆ ಬಾಯಿ ಇದೆ ತಮ್ಮಾ, ಕೇಳಬಹುದಿತ್ತಲ್ಲ" ಅಂದರು.

ಅವನ ಮನಸ್ಸು ಒಳ್ಳೆಯದೇ. ಆದರೆ ಅದಷ್ಟೇ ಸಾಕಾಗಲ್ಲ, ಅಲ್ವಾ? ಮೈ ಅವರದು, ಮುಖವೂ ಅವರದು. ಫೋಟೋಗೆ ಒಪ್ಪಿಗೆ ಬೇಕೇ ಬೇಕು, ಮನೆಯವರು ಹೂಂ ಅಂದರೂ ಅವರನ್ನೇ ಕೇಳಬೇಕು.

ದುಡ್ಡಿನ ವಿಷಯದಲ್ಲಂತೂ ನಾನು ತುಂಬಾ ಕಟ್ಟುನಿಟ್ಟು. ಪಿಂಚಣಿ ಬಂದ ದಿನ ಅವರ ಎಟಿಎಂ ಕಾರ್ಡ್ ನಮ್ಮ ಜೇಬಿನಲ್ಲಿ ಇರಬಾರದು, ಹತ್ತು ರೂಪಾಯಿ ಕೈಸಾಲವೂ ಬೇಡ.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು. ಅದರ 92ನೇ ಕಲಂ ಪ್ರಕಾರ, ನಾಲ್ಕು ಜನರ ಎದುರು ಬೇಕಂತಲೇ ಅವಮಾನ ಮಾಡಿದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು. ಸುಮ್ನೆ ತಮಾಷೆಗೆ ಅಡ್ಡಹೆಸರಿಟ್ಟು ಕರೆಯುವವರು ಇದನ್ನು ಓದಿಕೊಳ್ಳಲಿ.

ವಾಪಸ್ ಹೊರಡುವಾಗ, ಬಸ್ಸಿನ ಮೆಟ್ಟಿಲ ಹತ್ತಿರ ಆ ಹುಡುಗ ನಿಂತು "ಅಕ್ಕಾ, ಹೇಗೆ ಹಿಡಿದುಕೊಳ್ಳಲಿ?" ಅಂತ ಕೇಳಿದ. ಅಕ್ಕ ಎಡಗೈ ಚಾಚಿದರು.