ಆವರ್ತ ಕೋಷ್ಟಕದ ಹಲಗೆ: 14ನೇ ಗುಂಪು ಮುಗೀತು

ಗೋಡೆಗೆ ಹಾಕಲು ಪ್ಲೈವುಡ್ ಆವರ್ತ ಕೋಷ್ಟಕ ಮಾಡುತ್ತಿದ್ದೇನೆ, ಪ್ರತಿ ಧಾತುವಿನ ಮನೆಯಲ್ಲಿ ಅದರದೇ ಒಂದು ಚೂರು ಇಡುವುದು. ಈ ವಾರ 14ನೇ ಗುಂಪಿನ, ಅಂದರೆ ಕೋಷ್ಟಕದ 14ನೇ ಕಂಬಸಾಲಿನ ಸರದಿ. ತಾಮ್ರ, ಬೆಳ್ಳಿ, ಚಿನ್ನದ 11ನೇ ಗುಂಪು ಹೋದ ಸಲವೇ ಮುಗಿದಿತ್ತು. (ಚಿನ್ನ ಅಂದರೆ ಮುರಿದ ಓಲೆಯ ತಿರುಪು, ಅಷ್ಟೇ.) ಮೂರೂ ಹೊಳೆಯುವ ಲೋಹಗಳು, ಮೂರೂ ಕರೆಂಟನ್ನು ಚೆನ್ನಾಗಿ ಹರಿಸುತ್ತವೆ. ಒಂದೇ ಗುಂಪು ಅಂದರೆ ಯಾರೂ ತಕರಾರು ಮಾಡಲ್ಲ.

14 ಹಾಗಲ್ಲ. ಕಾರ್ಬನ್‌ಗೆ ಪೆನ್ಸಿಲ್ ಕಡ್ಡಿ ಇಟ್ಟೆ. ಗ್ರಾಫೈಟ್ ಜೊತೆ ಜೇಡಿಮಣ್ಣೂ ಇರುತ್ತೆ, ಇರಲಿ. ಸಿಲಿಕಾನ್‌ಗೆ ಒಡೆದ ಸೋಲಾರ್ ಸೆಲ್ಲಿನ ಚೂರು, ಜರ್ಮೇನಿಯಂಗೆ ಹಳೇ ರೇಡಿಯೋದಿಂದ ಕಿತ್ತ ಗಾಜಿನ ಡಯೋಡ್, ತವರಕ್ಕೆ ಕಲಾಯಿಯವರು ಕೊಟ್ಟ ತುಂಡು, ಸೀಸಕ್ಕೆ ಮೀನಿನ ಗಾಳದ ಗುಂಡು. ಕೆಳಗಿನ ಫ್ಲೆರೋವಿಯಂ ಲ್ಯಾಬಿನಲ್ಲಷ್ಟೇ ಹುಟ್ಟಿ ಕ್ಷಣದಲ್ಲಿ ಮಾಯವಾಗುವ ಧಾತು, ಅದಕ್ಕೆ ಬರೀ ಹೆಸರು.

ಐದನ್ನೂ ಒಟ್ಟಿಗೆ ನೋಡಿದರೆ ಇವು ಒಂದೇ ಮನೆಯವು ಅಂತ ಯಾರೂ ಹೇಳಲ್ಲ. ಹಾಗಾಗಿ ಪ್ರತಿಯೊಂದರ ಕೆಳಗೆ ಇಲೆಕ್ಟ್ರಾನ್ ಲೆಕ್ಕ ಬರೆದೆ: ನ್ಯೂಕ್ಲಿಯಸ್ ಸುತ್ತ ಒಳಗಿನ ಸುತ್ತಿನಿಂದ ಹೊರಗಿನ ಸುತ್ತಿನವರೆಗೆ ಒಂದೊಂದರಲ್ಲಿ ಎಷ್ಟು ಅಂತ. ಕಾರ್ಬನ್ 2, 4. ಸಿಲಿಕಾನ್ 2, 8, 4. ಜರ್ಮೇನಿಯಂ 2, 8, 18, 4. ಕೊನೆಯ ಅಂಕಿ ಎಲ್ಲೂ ಬದಲಾಗಲ್ಲ. ಗುಂಪು ಅಂದರೆ ಅದೇ. ಆದರೆ ಕೆಳಗಿಳಿದಂತೆ ಆ ನಾಲ್ಕು ಇಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್‌ನಿಂದ ದೂರವಾಗುತ್ತವೆ, ಹಿಡಿತ ಸಡಿಲವಾಗುತ್ತದೆ. ಅದಕ್ಕೇ ಮೇಲೆ ಅಲೋಹ, ಕೆಳಗೆ ಮೆತ್ತನೆಯ ಲೋಹ.

ಡಯೋಡ್ ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. ಅದರಲ್ಲಿ ಕರೆಂಟ್ ಹರಿಯಲು ಎಷ್ಟು ವೋಲ್ಟ್ ಬೇಕು ಅಂತ ಸುಮ್ನೆ ಮಲ್ಟಿಮೀಟರನ್ನು ಡಯೋಡ್ ಮೋಡಿಗೆ ತಿರುಗಿಸಿ ನೋಡಿದೆ. ಮಾಮೂಲಿ ಸಿಲಿಕಾನ್ ಡಯೋಡ್‌ಗೆ 0.6 ವೋಲ್ಟ್ ಹತ್ತಿರ ಬಂತು, ಜರ್ಮೇನಿಯಂದು 0.3ರ ಆಸುಪಾಸು. ಒಂದೇ ಮೆಟ್ಟಿಲು ಇಳಿದಿದ್ದಕ್ಕೆ ಇಷ್ಟು ವ್ಯತ್ಯಾಸ! ತವರದ್ದು ಇನ್ನೂ ಮಜಾ. ಶುದ್ಧ ತವರ 13 ಡಿಗ್ರಿಗಿಂತ ತಣ್ಣಗಾದರೆ ನಿಧಾನವಾಗಿ ಬೂದು ಪುಡಿಯಾಗಬಹುದು. ಆ ಪುಡಿಯಲ್ಲಿ ಪರಮಾಣುಗಳ ಜೋಡಣೆ ವಜ್ರ, ಸಿಲಿಕಾನ್, ಜರ್ಮೇನಿಯಂನಲ್ಲಿ ಇರುವ ಹಾಗೇ. ಲೋಹವಾದರೂ ಮೇಲಿನವರ ಗುಣ ಪೂರ್ತಿ ಬಿಟ್ಟಿಲ್ಲ, ಅಲ್ವಾ?

ಜರ್ಮೇನಿಯಂ ಮನೆಗೆ ಮಾತ್ರ 1886 ಅಂತ ಚೀಟಿ ಅಂಟಿಸಿದ್ದೇನೆ. ಸಿಲಿಕಾನ್ ಕೆಳಗೆ ಒಂದು ಧಾತು ಇರಲೇಬೇಕು ಅಂತ ಆವರ್ತ ಕೋಷ್ಟಕ ರೂಪಿಸಿದ ರಷ್ಯಾದ ಮೆಂಡಲೀವ್ ಜಾಗ ಬಿಟ್ಟಿದ್ದ, ಪರಮಾಣು ತೂಕ ಸುಮಾರು 72, ಸಾಂದ್ರತೆ 5.5 ಅಂದಿದ್ದ. ಆ ವರ್ಷ ಜರ್ಮನಿಯ ವಿಂಕ್ಲರ್‌ಗೆ ಅದು ಸಿಕ್ಕಿತು. ತೂಕ 72.6, ಸಾಂದ್ರತೆ 5.3ರ ಮೇಲೆ. ಇಲೆಕ್ಟ್ರಾನ್ ಅನ್ನುವುದೇ ಗೊತ್ತಿಲ್ಲದ ಕಾಲದಲ್ಲಿ!

ಮುಂದಿನದು 17ನೇ ಗುಂಪು. ಅಯೋಡಿನ್ ಆವಿ ಪ್ಲಾಸ್ಟಿಕ್ಕಿಗೆಲ್ಲ ಕಲೆ ಹತ್ತಿಸುತ್ತೆ, ಗಾಜಿನ ಬಿರಡೆ ಇರುವ ಪುಟ್ಟ ಬಾಟಲಿ ಹುಡುಕುತ್ತಿದ್ದೇನೆ.