ಬಿಸ್ಕೆಟ್ ಡಬ್ಬಿಯಲ್ಲಿರೋ ನನ್ನ ಟೂಟೂ ಪಿಸ್ತೂಲುಗಳು

ಮಳೆ ಹಿಡಿದು ಇವತ್ತಿಗೆ 9 ದಿನ. ಬೆಳಗ್ಗೆ ಹೋದ ಕರೆಂಟು ಇನ್ನೂ ಬಂದಿಲ್ಲ, ತೋಟಕ್ಕೆ ಇಳಿಯೋ ಹಾಗಿಲ್ಲ, ಹಾಗಾಗಿ ಬೀರು ಮೇಲಿದ್ದ ಹಳೇ ಬಿಸ್ಕೆಟ್ ಡಬ್ಬಿ ಇಳಿಸಿಕೊಂಡು ಕೂತೆ. ಮಳೆಗಾಲದಲ್ಲಿ ವಾರಕ್ಕೊಂದ್ಸಲ ಇದನ್ನ ತೆಗೀಲೇಬೇಕು, ಇಲ್ಲಾಂದ್ರೆ ಒಳಗಿರೋ ಕಾರ್ಡುಗಳಿಗೆ ಬೂಷ್ಟು ಹಿಡಿಯುತ್ತೆ. ಒಟ್ಟು 14 ಟಾರ್ಗೆಟ್ ಕಾರ್ಡು. ಒಂದೊಂದಕ್ಕೂ 5 ಗುಂಡು ಹೊಡೆದಿದ್ದು, ಮೂಲೆಲಿ ಪೆನ್ಸಿಲಲ್ಲಿ ತಾರೀಖು, ಪಿಸ್ತೂಲಿನ ಹೆಸರು, ಯಾವ ತೋಟೆ ಹಾಕಿದ್ದು ಅಂತ. ನಾನು ಒಂದ್ಸಲನಾದ್ರೂ ಕೈಲಿ ಹಿಡಿದು ಹೊಡೆದಿರೋ ಪಾಯಿಂಟ್ 22 (ಸಣ್ಣ ಗುಂಡಿನ ಅಳತೆ, ನಾವು ಟೂಟೂ ಅನ್ನೋದು) ಪಿಸ್ತೂಲು, ರಿವಾಲ್ವರ್ ಪ್ರತಿಯೊಂದಕ್ಕೂ ಒಂದು ಕಾರ್ಡು. ನನ್ನ ಕಲೆಕ್ಷನ್ ಅಂದ್ರೆ ಇದೇ.

ಕೊಡಗು ಅಂದ ತಕ್ಷಣ ಹೊರಗಿನ ಫ್ರೆಂಡ್ಸ್ ಎಲ್ಲ ಕೇಳೋದು ಒಂದೇ, ನಿಮಗೆ ಲೈಸೆನ್ಸೇ ಬೇಡ್ವಂತಲ್ಲ, ಮನೆ ತುಂಬ ಗನ್ ಇಟ್ಕೊಂಡಿರ್ತೀರಂತಲ್ಲ ಅಂತ. ಹಾಗಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ಹಳೇ ಭೂ ಪದ್ಧತಿ) ಹಿಡುವಳಿದಾರರಿಗೂ ಇರೋ ವಿನಾಯ್ತಿಯನ್ನ ಕೇಂದ್ರ ಸರ್ಕಾರ 2019ರಲ್ಲಿ, 2029ರ ತನಕ ಅಂತ ಮುಂದುವರಿಸಿದ್ದು ನಿಜ, 2021ರಲ್ಲಿ ಹೈಕೋರ್ಟೂ ಅದನ್ನ ಎತ್ತಿಹಿಡೀತು, ಆದ್ರೆ ಆ ವಿನಾಯ್ತಿ ಇರೋದು ಕೋವಿಗೆ, ರೈಫಲ್‌ಗೆ. ಪಿಸ್ತೂಲು ಬೇಕು ಅಂದ್ರೆ ನಾವೂ ಎಲ್ಲರ ಹಾಗೆ ಅರ್ಜಿ ಹಾಕಿ, ಪೊಲೀಸ್ ವೆರಿಫಿಕೇಶನ್ ಆಗಿ, ಲೈಸೆನ್ಸ್ ಬರೋ ತನಕ ಕಾಯ್ಬೇಕು. ಅದರ ಮೇಲೆ 2019ರ ತಿದ್ದುಪಡಿ ಬಂದ್ಮೇಲೆ ಸಾಮಾನ್ಯ ಲೈಸೆನ್ಸಿನವರಿಗೆ 3 ಗನ್ ಇದ್ದಿದ್ದು 2ಕ್ಕೆ ಇಳೀತು. ಎರಡರಲ್ಲಿ ಏನು ಕಲೆಕ್ಷನ್ ಮಾಡೋದು ಹೇಳಿ. ಅದಕ್ಕೇ ಪಿಸ್ತೂಲಿನ ಬದಲು ಅದು ಪೇಪರ್ ಮೇಲೆ ಹಾಕಿದ ಸಹಿ ಕೂಡಿಡೋಕೆ ಶುರು ಮಾಡಿದೆ, ಈಗ ಅದೇ ಹೆಚ್ಚು ಇಷ್ಟ ಆಗ್ಬಿಟ್ಟಿದೆ.

ಮೊದಲನೇ ಕಾರ್ಡು ಕಾಫಿ ಬಣ್ಣಕ್ಕೆ ತಿರುಗಿದೆ. ವೆಬ್ಲಿ ಅಂಡ್ ಸ್ಕಾಟ್, ಬರ್ಮಿಂಗ್‌ಹ್ಯಾಮಿನದು, ಸಿಂಗಲ್ ಶಾಟ್. 1909ರಲ್ಲಿ ಬಂದ ಮಾಡೆಲ್ಲು. ನಮ್ಮ ಮಾವನ ಮನೇದು, ಅವರ ಅಪ್ಪಂಗೆ ಎಸ್ಟೇಟ್ ಬಿಟ್ಟು ಊರಿಗೆ ವಾಪಸ್ ಹೊರಟ ಇಂಗ್ಲಿಷ್ ಪ್ಲಾಂಟರ್ ಒಬ್ಬರು ಮಾರಿ ಹೋಗಿದ್ದಂತೆ. ತೋಟೆ ಕೋವಿ ಮುರಿಯೋ ಹಾಗೇ ಇದನ್ನೂ ಮುರಿದು, ನಳಿಗೆ ಬಗ್ಗಿಸಿ, ಒಂದೇ ಒಂದು ತೋಟೆ ಹಾಕೋದು. ಆ ವರ್ಷ ಕೈಲ್ ಪೊಳ್ದ್‌ಗೆ, ಅಂದ್ರೆ ನಮ್ಮ ಆಯುಧ ಪೂಜೆ ಹಬ್ಬಕ್ಕೆ, ಮಾವನ ಮನೇಲಿ ಸೇರಿದ್ವಿ. ನೆಲ್ಲಕ್ಕಿ ನಡುಬಾಡೆಯಲ್ಲಿ (ದೀಪ ಇಡೋ ನಡುಮನೆ) ಜೋಡಿ ನಳಿಗೆ ಕೋವಿ, ರೈಫಲ್, ಒಡಿಕತ್ತಿ ಎಲ್ಲದಕ್ಕೂ ಗಂಧ ಹಚ್ಚಿ ತೋಕ್ ಪೂ (ಕೋವಿಗೆ ಇಡೋ ಹೂವು) ಇಟ್ಟು ಸಾಲಾಗಿ ಜೋಡಿಸಿದ್ರು, ಆ ಸಾಲಿನ ತುದೀಲಿ ಈ ಪುಟಾಣಿ. ಅದಕ್ಕೂ ಒಂದು ಹೂವು. ನನಗಾಗ 16. ಅಣ್ಣಂದಿರೆಲ್ಲ ತೆಂಗಿನಕಾಯಿಗೆ ಗುಂಡು ಹೊಡೆಯೋಕೆ ಗದ್ದೆ ಕಡೆ ಹೋದ್ರು, 12 ಬೋರಿನ ಸದ್ದಿಗೆ ಬೆಟ್ಟ ಬೆಟ್ಟ ಮಾತಾಡ್ತಿತ್ತು, ಮಾವ ಮಾತ್ರ ನನ್ನ ಕರೆದು ಹಿತ್ತಲಿನ ಮಣ್ಣು ದಿಬ್ಬದ ಮುಂದೆ ನಿಲ್ಲಿಸಿ, ನೋಡು ಮಗ, ದೊಡ್ಡ ಕೋವಿ ತಪ್ಪನ್ನ ಮುಚ್ಚುತ್ತೆ, ಇದು ಮುಚ್ಚಲ್ಲ ಅಂದ್ರು. ಹೊಡೆದೆ. ಪಟ್ ಅಂತ ಹಸಿ ಕಡ್ಡಿ ಮುರಿದಷ್ಟೇ ಸದ್ದು. ಒದೆಯೋದೂ ಇಲ್ಲ. 5ರಲ್ಲಿ ಪೇಪರಿಗೆ ತಾಗಿದ್ದು 3, ಅದೂ ಒಂದೊಂದು ಒಂದೊಂದು ದಿಕ್ಕಿಗೆ.

ಮಾವ ಹೇಳಿದ್ದು ಎಷ್ಟು ಸರಿ ಅಂತ ಅರ್ಥ ಆಗೋಕೆ ಹತ್ತು ವರ್ಷ ಬೇಕಾಯ್ತು. ಒದೆತ ಇಲ್ಲ ಅಂದ್ರೆ ನೆಪವೂ ಇಲ್ಲ. ಗುಂಡು ಎಡಕ್ಕೆ ಹೋಯ್ತು ಅಂದ್ರೆ ಬೆರಳು ಟ್ರಿಗರನ್ನ ನೇರ ಎಳೀಲಿಲ್ಲ, ಕೆಳಗೆ ಹೋಯ್ತು ಅಂದ್ರೆ ಸದ್ದಿಗೆ ಮೊದಲೇ ಮಣಿಕಟ್ಟು ಬಗ್ಗಿತು, ಅಷ್ಟೇ, ಬೇರೆ ಯಾರ ಮೇಲೂ ಹಾಕೋ ಹಾಗಿಲ್ಲ.

ಅದೇ ವೆಬ್ಲಿಯಲ್ಲೇ ನಾನು ದೊಡ್ಡ ತಪ್ಪೂ ಮಾಡಿದ್ದು. ಮಾರನೇ ದಿನ ಮಾವ ಒರೆಸು ಅಂತ ಕೊಟ್ರೆ, ಖಾಲಿ ಇದೆಯಲ್ಲ ಅಂತ ಕೂತ್ಕೊಂಡು ಟಿಕ್ ಟಿಕ್ ಅಂತ ನೂರು ಸಲನಾದ್ರೂ ಟ್ರಿಗರ್ ಎಳೆದಿರ್ಬೇಕು. ಸಂಜೆ ತೋಟೆ ಹಾಕಿದ್ರೆ ಒಳಗೆ ಹೋಗ್ತಿಲ್ಲ. ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ರಿಮ್‌ಫೈರ್, ಅಂದ್ರೆ ಅಂಚಿಗೆ ಹೊಡೆದು ಹತ್ತಿಸೋ ತೋಟೆ, ಅನ್ನೋದರ ಗುಟ್ಟೇ ಇಲ್ಲಿರೋದು. ದೊಡ್ಡ ತೋಟೆಗಳಲ್ಲಿ ಕಿಡಿ ಹಚ್ಚೋ ಕೇಪು ಹಿಂಭಾಗದ ಮಧ್ಯದಲ್ಲಿ ಬೇರೆಯಾಗೇ ಕೂತಿರುತ್ತೆ. ಟೂಟೂನಲ್ಲಿ ಬೇರೆ ಕೇಪು ಇಲ್ಲ, ಆ ಮದ್ದನ್ನ ಒದ್ದೆ ಇರುವಾಗ್ಲೇ ತೋಟೆಯ ಖಾಲಿ ಕೊಳವೆಗೆ ಹಾಕಿ ಗಿರ್ರನೆ ತಿರುಗಿಸ್ತಾರೆ, ಅದು ಅಂಚಿನ ಮಡಿಕೆ ಒಳಗೆಲ್ಲ ಹೋಗಿ ಕೂರುತ್ತೆ. ಪಿನ್ನು ಬಂದು ಆ ಅಂಚನ್ನ ಜಜ್ಜಿದಾಗ ಹತ್ತೋದು. ತೋಟೆ ಇಲ್ಲದೆ ಎಳೆದ್ರೆ ಎಷ್ಟೋ ಹಳೇ ಪಿಸ್ತೂಲುಗಳಲ್ಲಿ ಪಿನ್ನು ನೇರ ಹೋಗಿ ಛೇಂಬರಿನ ಬಾಯಿಗೇ ಹೊಡೆಯುತ್ತೆ. ನೂರು ಸಲ ಹೊಡೆದು ನಾನು ಅಲ್ಲಿ ಕಬ್ಬಿಣ ಉಬ್ಬಿಸಿಬಿಟ್ಟಿದ್ದೆ. ಮಾವ ಬೈಲಿಲ್ಲ, ಅದೇ ಜಾಸ್ತಿ ನೋವಾಗಿದ್ದು. ರಿಪೇರಿ ಮಾಡೋ ಹಿರಿಯರೊಬ್ಬರು ಸಣ್ಣ ಉಕ್ಕಿನ ಕಡ್ಡಿ ತೂರಿಸಿ ಆ ಉಬ್ಬನ್ನ ಒಳಗಿಂದ್ಲೇ ಒತ್ತಿ ಸಮ ಮಾಡಿಕೊಟ್ರು. ಅವತ್ತಿಂದ ಇವತ್ತಿನವರೆಗೂ ಖಾಲಿ ಟೂಟೂ ಎಳೆಯೋರನ್ನ ಕಂಡ್ರೆ ನನ್ನ ಕೈ ತಾನಾಗೇ ಅಡ್ಡ ಹೋಗುತ್ತೆ.

ಈ ಪುಟ್ಟ ತೋಟೆ ಸಾಮಾನ್ಯದ್ದಲ್ಲ. ಸ್ಮಿತ್ ಅಂಡ್ ವೆಸನ್‌ನವರ ಮೊದಲ ರಿವಾಲ್ವರ್ 1857ರಲ್ಲಿ ಬಂದಿದ್ದೇ ಪಾಯಿಂಟ್ 22 ಶಾರ್ಟ್ ಅನ್ನೋ ತೋಟೆಗೆ. ನಾವೀಗ ಹೊಡೆಯೋ ಲಾಂಗ್ ರೈಫಲ್ ಅನ್ನೋ ತೋಟೆ 1887ರದು. ಸೀಸದ ಗುಂಡು 40 ಗ್ರೇನ್, ಅಂದ್ರೆ ಎರಡೂವರೆ ಗ್ರಾಂ ಚಿಲ್ಲರೆ. ಖಾಲಿ ಕೊಳವೆಯನ್ನ ಮತ್ತೆ ತುಂಬಿಸೋ ಹಾಗಿಲ್ಲ, ಅಂಚು ಜಜ್ಜಿಹೋಗಿರುತ್ತಲ್ಲ. ಇನ್ನೊಂದು ವಿಚಿತ್ರ ಅಂದ್ರೆ ಪ್ರತಿ ಪಿಸ್ತೂಲಿಗೂ ಅದರದೇ ಬಾಯಿರುಚಿ. ಒಂದೇ ಕಂಪನಿಯ ತೋಟೆ, ಲಾಟ್ ನಂಬರ್ ಬೇರೆ ಆದ್ರೆ ಸಾಕು, ತೂತುಗಳ ಗುಂಪು ಅಗಲ ಆಗ್ಬಿಡುತ್ತೆ. ಅದಕ್ಕೇ ಕಾರ್ಡಿನ ಮೂಲೇಲಿ ಲಾಟನ್ನೂ ಬರೆಯೋದು.

ಕಾಲೇಜಿಗೆ ಅಂತ ಬೆಂಗಳೂರಿಗೆ ಹೋದ್ಮೇಲೆ 25 ಮೀಟರ್ ಸ್ಪೋರ್ಟ್ಸ್ ಪಿಸ್ತೂಲ್ ಅನ್ನೋ ಸ್ಪರ್ಧೆ ಶುರು ಮಾಡಿದೆ. ಗೊತ್ತಿಲ್ಲದವರಿಗೆ: ಮೊದಲು ನಿಧಾನದ್ದು 30 ಗುಂಡು, ಆ ಟಾರ್ಗೆಟ್‌ನಲ್ಲಿ 10 ಪಾಯಿಂಟಿನ ವೃತ್ತ 50 ಮಿಲಿಮೀಟರ್, 25 ಮೀಟರ್ ದೂರದಲ್ಲಿ ಒಂದು ನಿಂಬೆಹಣ್ಣು ಇಟ್ಟಷ್ಟು. ಆಮೇಲೆ ರ‍್ಯಾಪಿಡ್ 30, ಕೈ 45 ಡಿಗ್ರಿ ಕೆಳಗೆ ಇಟ್ಕೊಂಡು ಕಾಯ್ಬೇಕು, ಟಾರ್ಗೆಟ್ 3 ಸೆಕೆಂಡ್ ಸಿಗುತ್ತೆ, ಅಷ್ಟರಲ್ಲಿ ಎತ್ತಿ ಒಂದು ಹೊಡೀಬೇಕು, 7 ಸೆಕೆಂಡ್ ಬಿಟ್ಟು ಮತ್ತೆ. ಒಂದೇ ಕೈ. ಟ್ರಿಗರ್ ಭಾರ ಒಂದು ಕೆಜಿಗಿಂತ ಕಮ್ಮಿ ಇರೋ ಹಾಗಿಲ್ಲ. ರಾಹಿ ಸರ್ನೋಬತ್ 2018ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿದ್ದು ಇದೇ ಸ್ಪರ್ಧೇಲಿ, ಏಷ್ಯಾಡ್ ಶೂಟಿಂಗ್‌ನಲ್ಲಿ ಚಿನ್ನ ತಂದ ನಮ್ಮ ದೇಶದ ಮೊದಲ ಹೆಂಗಸು, ಆವತ್ತು ಟಿವಿ ಮುಂದೆ ನಾನು ಅತ್ತಿದ್ದೆ. 2012ರಲ್ಲಿ ಲಂಡನ್ನಲ್ಲಿ ವಿಜಯ್ ಕುಮಾರ್ ಬೆಳ್ಳಿ ತಂದ ಗಂಡಸರ ರ‍್ಯಾಪಿಡ್ ಫೈರಂತೂ ಇನ್ನೂ ಭಯಂಕರ, ಕೊನೇ ಸುತ್ತಲ್ಲಿ 4 ಸೆಕೆಂಡಿಗೆ 5 ಟಾರ್ಗೆಟ್. ಅದೂ ಟೂಟೂನೇ.

ಆ ದಿನಗಳ ಕಾರ್ಡುಗಳಲ್ಲಿ ನನ್ನ ಪ್ರಾಣ ಅಂದ್ರೆ ಹ್ಯಾಮರ್ಲಿ 208ಎಸ್. ಸ್ವಿಟ್ಜರ್ಲೆಂಡಿನದು, ನಮ್ಮ ಕೋಚ್ ಸರ್ ಹತ್ರ ಇತ್ತು, ವರ್ಷಕ್ಕೆ ಒಂದ್ಸಲ ಹುಟ್ಟುಹಬ್ಬದ ದಿನ 5 ಗುಂಡು ಹೊಡೆಯೋಕೆ ಬಿಡ್ತಿದ್ರು. ನೋಡೋಕೆ ಏನೂ ಆಡಂಬರ ಇಲ್ಲ. ಮರದ ಹಿಡಿ, ನೀಲಿ ಮಿಶ್ರಿತ ಕಪ್ಪು ಉಕ್ಕು, ತೋಟೆ ತುಂಬೋ ಮ್ಯಾಗಜೀನು ಹಿಡಿ ಒಳಗೇ ಹೋಗೋದು. ಆದ್ರೆ ಅದರ ಟ್ರಿಗರ್ ಇದೆಯಲ್ಲ, ನಮ್ಮ ಕಣದಲ್ಲಿ ಸರಿಯಾಗಿ ಒಣಗಿದ ಪಾರ್ಚ್‌ಮೆಂಟ್ ಕಾಫಿ (ಒಳಸಿಪ್ಪೆ ಇರೋ ಬೀಜ) ಹಲ್ಲಲ್ಲಿ ಕಚ್ಚಿದ್ರೆ ಟಿಕ್ ಅಂತ ಒಡೆಯುತ್ತಲ್ಲ, ಹಸಿ ಇದ್ರೆ ಮೆತ್ತಗೆ ಅಮುಕೊಳ್ಳುತ್ತೆ, ಒಣಗಿದ್ರೆ ಒಂದೇ ಟಿಕ್, ಹಾಗೆ. ಎಳೀತಾ ಎಳೀತಾ ಏನೂ ಆಗಲ್ಲ, ಏನೂ ಆಗಲ್ಲ, ಆಮೇಲೆ ಹೋಯ್ತು. ಆ ಕಾರ್ಡಲ್ಲಿ 5 ತೂತೂ ಒಂದು ರೂಪಾಯಿ ನಾಣ್ಯದ ಅಡಿ ಮುಚ್ಚಿಹೋಗುತ್ತೆ. ಅಷ್ಟು ಚೆನ್ನಾಗಿ ನಾನು ಮತ್ತೆ ಯಾವತ್ತೂ ಹೊಡೆದಿಲ್ಲ.

ವಾಲ್ತರ್ ಜಿಎಸ್‌ಪಿ ಅದಕ್ಕೆ ಪೂರ್ತಿ ವಿರುದ್ಧ. 1968ರಲ್ಲಿ ಬಂದ ಜರ್ಮನ್ ಡಿಸೈನು, ಚೌಕ ಚೌಕ, ಮ್ಯಾಗಜೀನು ಟ್ರಿಗರಿನ ಮುಂದೆ, ಡ್ರಿಲ್ಲಿಂಗ್ ಮಿಷನ್ ಥರ ಕಾಣುತ್ತೆ. ಟ್ರಿಗರಿನ ಭಾಗ ಪೂರ್ತಿ ಒಂದೇ ಗಂಟಾಗಿ ಹೊರಗೆ ಬರುತ್ತೆ, ರಿಪೇರಿ ಸುಲಭ. ಚಂದ ಅಲ್ಲ, ಆದ್ರೆ ಹೊಸಬರಿಗೆ ನಾನು ಸೆಕೆಂಡ್‌ಹ್ಯಾಂಡ್ ತಗೊಳ್ಳಿ ಅಂತ ಹೇಳೋದು ಇದನ್ನೇ. ಇಟಲಿಯ ಪಾರ್ಡಿನಿ ಎಸ್‌ಪಿನೂ ಅದೇ ಜಾಡು, ಮ್ಯಾಗಜೀನು ಮುಂದೆ, ನಳಿಗೆ ಕೈಗೆ ತೀರ ಹತ್ತಿರ ಕೆಳಗೆ ಕೂತಿರೋದ್ರಿಂದ ಮೂತಿ ಮೇಲೆ ಏಳೋದೇ ಇಲ್ಲ. ಈಗ ಮ್ಯಾಚಿಗೆ ನಾನು ಹಿಡಿಯೋದು ಪಾರ್ಡಿನಿನೇ, ಲೈಸೆನ್ಸಲ್ಲಿರೋ ಎರಡರಲ್ಲಿ ಒಂದು. ಅದರ ಬಗ್ಗೆ ಹೆಚ್ಚು ಬರೆಯೋಕಿಲ್ಲ, ದಿನಾ ಹೊಡೆಯೋ ಪಿಸ್ತೂಲು ಕೆಲಸ ಮಾಡಿದ್ರೆ ಸಾಕು.

ಮನಸ್ಸು ಕೆಡಿಸಿದ್ದು ಮಾತ್ರ ಮಾರ್ಗೋಲಿನ್. ಸೋವಿಯತ್ ಕಾಲದ್ದು, 1940ರ ದಶಕದಲ್ಲಿ ಮಾಡಿದ್ದು. ಇದನ್ನ ಡಿಸೈನ್ ಮಾಡಿದ ಮಿಖಾಯಿಲ್ ಮಾರ್ಗೋಲಿನ್‌ಗೆ ಕಣ್ಣು ಕಾಣ್ತಿರ್ಲಿಲ್ಲ. ಎಳೇ ವಯಸ್ಸಲ್ಲೇ ತಲೆಗೆ ಗಾಯ ಆಗಿ ದೃಷ್ಟಿ ಹೋಗಿತ್ತು. ನಕ್ಷೆ ಬರೆಯೋ ಹಾಗಿಲ್ಲ, ಹಾಗಾಗಿ ಮೆತ್ತನೆ ವಸ್ತುಗಳಲ್ಲಿ ಬಿಡಿಭಾಗಗಳ ಮಾದರಿ ಮಾಡಿ, ಬೆರಳಲ್ಲೇ ಮುಟ್ಟಿ ನೋಡಿ ಅಳತೆ ತಿದ್ದೋರಂತೆ. ನಾನು ಅದನ್ನ ಹಿಡಿಯೋ ಮೊದಲೇ ಈ ಕತೆ ಗೊತ್ತಿತ್ತು, ಹಾಗಾಗಿ ಕೈಗೆ ಬಂದಾಗ ಮೊದಲು ಕಣ್ಣು ಮುಚ್ಕೊಂಡು ಮುಟ್ಟಿ ನೋಡಿದೆ. ಗುರಿ ಹಿಡಿಯೋ ಹಿಂದಿನ ಸೈಟು ಸ್ಲೈಡಿನ ಮೇಲಿಲ್ಲ, ಸ್ಲೈಡನ್ನ ಸುತ್ತುವರಿದ ಗಟ್ಟಿ ಕಮಾನಿನ ಮೇಲಿದೆ, ಸ್ಲೈಡು ಹಿಂದೆ ಮುಂದೆ ಓಡಿದ್ರೂ ಸೈಟು ಅಲುಗಾಡಲ್ಲ. ಗುರಿ ಇಡೋ ಭಾಗವನ್ನ ಅಷ್ಟು ಜೋಪಾನ ಮಾಡಿದ್ದು, ತಾನು ಗುರಿ ನೋಡೋಕೇ ಆಗದ ಮನುಷ್ಯ. ಆ ಕಾರ್ಡಿನ ಸ್ಕೋರು 50ಕ್ಕೆ 41, ಒಳ್ಳೇದೇನಲ್ಲ, ಆದ್ರೆ ಡಬ್ಬೀಲಿ ಅದನ್ನ ಮೇಲುಗಡೆನೇ ಇಡ್ತೀನಿ.

ರಿವಾಲ್ವರ್‌ಗಳಲ್ಲಿ ಒಂದೇ ಕಾರ್ಡು, ಸ್ಮಿತ್ ಅಂಡ್ ವೆಸನ್ ಮಾಡೆಲ್ 17, 6 ಗುಂಡಿಂದು. ನಿವೃತ್ತ ಕರ್ನಲ್ ಒಬ್ಬರು ನಮ್ಮ ಕಡೆಯವರೇ, ಅವರದ್ದು. ಸಿಲಿಂಡರ್ ತಿರುಗೋದು ನೋಡ್ತಾ ಕೂತ್ರೆ ಹೊತ್ತು ಹೋಗಿದ್ದೇ ತಿಳಿಯಲ್ಲ.

ಡಬ್ಬೀಲಿ ಬೇರೆ ಖಾನೆ ಒಂದಿದೆ, ಅದು ಲೆಕ್ಕಕ್ಕಿಲ್ಲ. ಅಮೆರಿಕದಲ್ಲೇ ನೆಲೆಸಿರೋ ಕಸಿನ್ ಅಣ್ಣ ಅಲ್ಲಿಂದ ಕಳಿಸಿದ ಕಾರ್ಡುಗಳು. ಒಂದು ರೂಗರ್, 1949ರಲ್ಲಿ ಮೊದಲು ಬಂದ ಸರಣಿ, ಅದನ್ನ ಬಿಚ್ಚಿ ಮತ್ತೆ ಜೋಡಿಸೋದು ಎಷ್ಟು ಕಷ್ಟ ಅಂದ್ರೆ 2016ರ ಮಾರ್ಕ್ 4 ಬರೋ ತನಕ ಜನ ಗೋಳಾಡಿದ್ದೇ ಗೋಳಾಡಿದ್ದು. ಇನ್ನೊಂದು ಕೋಲ್ಟ್ ವುಡ್ಸ್‌ಮನ್, ಜಾನ್ ಬ್ರೌನಿಂಗ್ ಡಿಸೈನು, 1915ರಿಂದ 1977ರ ತನಕ ಮಾಡಿದ್ರು. ಅಣ್ಣ ಎಷ್ಟು ಹೊಗಳಿ ಬರೆದ್ರೂ ನಾನು ಹೊಡೆಯದೇ ಇರೋ ಪಿಸ್ತೂಲು ನನ್ನ ಲೆಕ್ಕಕ್ಕೆ ಬರಲ್ಲ.

ನಮ್ಮೂರಲ್ಲಿ ಇವನ್ನ ಇಟ್ಕೊಳ್ಳೋದೇ ಒಂದು ಕೆಲಸ. ಜೂನಿಂದ ಆಗಸ್ಟ್ ತನಕ ಗೋಡೆನೇ ಬೆವರುತ್ತೆ, ಉಕ್ಕು ಬಿಡುತ್ತಾ? ಅಜ್ಜನ ಕಾಲದಲ್ಲಿ ಕೋವಿನ ಒಲೆ ಮೇಲಿನ ಅಟ್ಟದ ಹತ್ರ ನೇತುಹಾಕ್ತಿದ್ರು, ಬೆಚ್ಚಗಿರುತ್ತೆ ಅಂತ. ಪಿಸ್ತೂಲನ್ನ ಹಾಗೆ ಬಿಡೋ ಹಾಗಿಲ್ಲ, ಬೀಗ ಹಾಕಿದ ಸ್ಟೀಲ್ ಪೆಟ್ಟಿಗೇಲೇ ಇಡ್ಬೇಕು, ತೋಟೆ ಬೇರೆ ಕಡೆ, ಹಾಗಾಗಿ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು 15 ದಿನಕ್ಕೊಮ್ಮೆ ಅದನ್ನ ಬಿಸಿ ಮಾಡಿ ಒಣಗಿಸಿ ಮತ್ತೆ ಇಡ್ತೀನಿ. ರೆಕ್ಸಿನ್ ಚೀಲ, ಚರ್ಮದ ಚೀಲದಲ್ಲಿ ಹಾಕಿ ಇಡ್ಲೇಬೇಡಿ, ತೇವ ಹಿಡಿದಿಟ್ಕೊಂಡು ಒಂದೇ ವಾರಕ್ಕೆ ಚುಕ್ಕೆ ಚುಕ್ಕೆ ತುಕ್ಕು ಬರುತ್ತೆ. ಎಣ್ಣೆ ತೆಳ್ಳಗೆ. ನಳಿಗೆ ಒಳಗಿನ ಎಣ್ಣೆ ಮಾತ್ರ ಹೊಡೆಯೋ ಮೊದಲು ಒರೆಸ್ಲೇಬೇಕು.

ಮಾವಂಗೆ ಈಗ 82. ಕೈ ನಡುಗುತ್ತೆ, ವೆಬ್ಲಿ ಎತ್ತೋಕಾಗಲ್ಲ. ಹೋದ ತಿಂಗಳು ಹೋದಾಗ ಈ ಡಬ್ಬಿ ತಗೊಂಡು ಹೋಗಿದ್ದೆ, ಒಂದೊಂದೇ ಕಾರ್ಡು ಕಿಟಕಿ ಬೆಳಕಿಗೆ ಹಿಡಿದು ತೂತಲ್ಲಿ ಹೊರಗಿನ ಮಳೆ ನೋಡಿದ್ರು. ಹ್ಯಾಮರ್ಲಿ ಕಾರ್ಡು ನೋಡಿ ತಲೆ ಅಲ್ಲಾಡಿಸಿ ಕೆಳಗಿಟ್ರು, ವೆಬ್ಲಿಯ ಆ ಮೊದಲನೇ ಕಾರ್ಡು, 3 ತೂತಿಂದು, ಅದನ್ನ ತುಂಬ ಹೊತ್ತು ಹಿಡ್ಕೊಂಡಿದ್ರು. ಇನ್ನೆರಡು ಎಲ್ಲಿ ಹೋದ್ವು ಅಂತ ಕೇಳಿದ್ರು. ದಿಬ್ಬದಲ್ಲೇ ಇವೆ ಮಾವ ಅಂದೆ.